ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೂ ಕೊನೇ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ: ದೋಷ ಹುಡುಕುವ ಕ್ರಮ

ನೀರುಗಂಟಿ ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ, ರಿಜಿಸ್ಟರಿನಲ್ಲಿ ಬರೆದೂ ಇದ್ದಾರೆ. ಆದರೆ ಊರ ಕೊನೆಯ ನಲ್ಲಿಯಲ್ಲಿ ಹಿಡಿದ ನೀರಿಗೆ ಕಿಟ್‌ನ ದ್ರಾವಣ ಬಿಟ್ಟರೆ ಬಣ್ಣವೇ ಏರುವುದಿಲ್ಲ. ಆಗ ಪಂಚಾಯಿತಿ ಕಚೇರಿಯಲ್ಲಿ ಮೊದಲು ಕೇಳಿಬರುವ ಮಾತು, ‘ನಾಳೆಯಿಂದ ಇನ್ನೆರಡು ಹಿಡಿ ಜಾಸ್ತಿ ಹಾಕಪ್ಪಾ’. ಹಾಗೆ ಮಾಡಿದರೆ ಟ್ಯಾಂಕಿನ ಪಕ್ಕದ ಮನೆಯವರು ವಾಸನೆ ಎಂದು ಜಗಳಕ್ಕೆ ಬರುತ್ತಾರೆ, ಕೊನೇ ಬೀದಿಯ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಕ್ಲೋರಿನ್ ಕಳೆದುಹೋಗುವ ಜಾಗಗಳು ನಾಲ್ಕು: ಪೌಡರ್ ಚೀಲ, ಹಾಕುವ ರೀತಿ, ನೀರಿನ ಗುಣ, ಪೈಪ್ ಲೈನ್. ಯಾವುದರಲ್ಲಿ ಎಂದು ಗೊತ್ತಾಗುವ ತನಕ ಅಳತೆ ಹೆಚ್ಚಿಸಬೇಡಿ.

ಗುರಿ ಏನೆಂಬುದು ಮೊದಲು ಸ್ಪಷ್ಟವಿರಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ನೀರಿನಲ್ಲಿ ಮುಕ್ತ ಉಳಿಕೆ ಕ್ಲೋರಿನ್ (ಬೇರೆ ಯಾವುದರೊಂದಿಗೂ ಕೂಡಿಕೊಳ್ಳದೆ ಉಳಿದ ಕ್ಲೋರಿನ್) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವೈರಸ್‌ನಿಂದ ರಕ್ಷಣೆ ಬೇಕಾದಾಗ ಕನಿಷ್ಠ 0.5. ಬೇರೆ ದಾರಿ ಇಲ್ಲದಿದ್ದರೆ 1 ಮಿಲಿಗ್ರಾಂವರೆಗೆ ಒಪ್ಪಬಹುದು. ಊರಿನ ಲೆಕ್ಕಕ್ಕೆ ಇಳಿಸಿದರೆ, ಟ್ಯಾಂಕಿನಿಂದ ಹೊರಡುವಾಗ 0.5ರಿಂದ 1, ಕೊನೇ ನಲ್ಲಿಯಲ್ಲಿ 0.2ಕ್ಕೆ ಕಡಿಮೆಯಿಲ್ಲದಂತೆ. ಈ ಬರಹದಲ್ಲಿ ಇನ್ನು ಮುಂದೆ ಬರೀ ಅಂಕಿ ಕೊಟ್ಟಲ್ಲೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೇ ಓದಿಕೊಳ್ಳಿ.

ಮೊದಲ ಅನುಮಾನ ಕಿಟ್ ಮೇಲೆ

ಇಲ್ಲದ ದೋಷವನ್ನು ಹುಡುಕುತ್ತಾ ದಿನಗಟ್ಟಲೆ ಅಲೆಯುವುದು ಹೆಚ್ಚಾಗಿ ಕಿಟ್ ಕೈಕೊಟ್ಟಾಗ. ಹಳ್ಳಿಗಳಲ್ಲಿ ಎರಡು ಬಗೆಯ ಕಿಟ್ ಇವೆ. ಹಳದಿ ಬಣ್ಣ ತೋರಿಸುವ ಆರ್ಥೊಟೊಲಿಡಿನ್ ಹಳೆಯದು; ಇದನ್ನೇ ಕ್ಲೋರೋಸ್ಕೋಪ್ (ಬಣ್ಣ ಹೋಲಿಸಿ ನೋಡುವ ಪೆಟ್ಟಿಗೆ) ಜೊತೆ ಕೊಡುತ್ತಿದ್ದರು. ಗುಲಾಬಿ ಬಣ್ಣ ತೋರಿಸುವುದು ಡಿಪಿಡಿ. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಒಪ್ಪಿಸಿರುವ ಎಫ್‌ಟಿಕೆ (ಊರಲ್ಲೇ ನೀರು ಪರೀಕ್ಷಿಸುವ ಕಿಟ್) ಪೆಟ್ಟಿಗೆಯಲ್ಲೂ ಕ್ಲೋರಿನ್ ಪರೀಕ್ಷೆ ಇರುತ್ತದೆ. ಯಾವುದೇ ಇರಲಿ, ಸೀಸೆಯ ಮೇಲಿನ ಅವಧಿ ಮುಗಿದ ತಾರೀಕು ಮೊದಲು ನೋಡಿ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ದ್ರಾವಣ ಅವಧಿಗೆ ಮುಂಚೆಯೇ ಹಾಳಾಗುತ್ತದೆ. ಆರ್ಥೊಟೊಲಿಡಿನ್ ಕ್ಯಾನ್ಸರ್‌ಕಾರಕ ಎಂಬ ಶಂಕೆ ಇರುವ ರಾಸಾಯನಿಕ. ಕೈಗೆ ತಾಗಿಸಿಕೊಳ್ಳಬೇಡಿ, ಪರೀಕ್ಷೆ ಮಾಡಿದ ನೀರನ್ನು ಬಿಂದಿಗೆ ಇಡುವ ಕಟ್ಟೆಯ ಮೇಲೆ ಚೆಲ್ಲಬೇಡಿ. ಆಯ್ಕೆ ಇದ್ದರೆ ಡಿಪಿಡಿಯೇ ಒಳ್ಳೆಯದು.

ಹಳದಿ ಕಿಟ್‌ನಲ್ಲಿ ಓದುವ ಹೊತ್ತೇ ಮುಖ್ಯ. ದ್ರಾವಣ ಬಿಟ್ಟು ಹತ್ತು ಸೆಕೆಂಡಿನೊಳಗೆ ಕಾಣುವ ಬಣ್ಣ ಮುಕ್ತ ಕ್ಲೋರಿನ್‌ನದು. ಐದು ಹತ್ತು ನಿಮಿಷ ಬಿಟ್ಟು ನೋಡಿದರೆ ಅಮೋನಿಯಾದೊಂದಿಗೆ ಕೂಡಿಕೊಂಡ, ಸೋಂಕು ಕೊಲ್ಲುವ ಶಕ್ತಿ ತೀರಾ ಕಡಿಮೆಯಾದ ಕ್ಲೋರಿನ್ ಕೂಡ ಸೇರಿ ಗಾಢ ಬಣ್ಣ ಬರುತ್ತದೆ. ಟೀ ಕುಡಿದು ಬಂದು ಓದಿದ ರೀಡಿಂಗ್ ‘ಚೆನ್ನಾಗಿದೆ’ ಅನ್ನಿಸುವುದು ಹೀಗೆ.

ಡಿಪಿಡಿಯ ತಂಟೆ ಬೇರೆ. ಕ್ಲೋರಿನ್ ವಿಪರೀತ ಇದ್ದರೆ ಅದು ಗುಲಾಬಿ ಬಣ್ಣವನ್ನೇ ಸುಟ್ಟು ನೀರನ್ನು ತಿಳಿಯಾಗಿಸುತ್ತದೆ, ಕಿಟ್ ಸೊನ್ನೆ ತೋರಿಸುತ್ತದೆ. ಮೂಗಿಗೆ ಘಾಟು ಬಡಿಯುತ್ತಿದೆ, ಕಿಟ್ ಸೊನ್ನೆ ಅನ್ನುತ್ತಿದೆ ಎಂದರೆ ಆ ನೀರಿನ ಒಂದು ಭಾಗಕ್ಕೆ ಒಂಬತ್ತು ಭಾಗ ಆರ್‌ಒ ನೀರು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಡಿಪಿಡಿ ಮಾತ್ರೆಯ ರೂಪದಲ್ಲಿದ್ದರೆ ಅದನ್ನು ಬೆರಳಲ್ಲಿ ಪುಡಿ ಮಾಡಬೇಡಿ.

ಇನ್ನೊಂದು ಹೆಚ್ಚು ಜನ ಗಮನಿಸದ ಸಂಗತಿ: ಬ್ಯಾಕ್ಟೀರಿಯಾ ಪರೀಕ್ಷೆಗೆಂದು ಲ್ಯಾಬ್‌ನವರು ಕೊಡುವ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಕ್ಲೋರಿನ್ ಅನ್ನು ಕೂಡಲೇ ಕೊಲ್ಲುವುದಕ್ಕೆಂದೇ ಅದು ಇರುವುದು. ಆ ಬಾಟಲಿಯಲ್ಲಿ ಹಿಡಿದ ನೀರಿನ ಉಳಿಕೆ ಕ್ಲೋರಿನ್ ನೋಡಿದರೆ ಎಂಥ ನೀರಿಗೂ ಸೊನ್ನೆಯೇ ಗತಿ. ಕ್ಲೋರಿನ್ ಪರೀಕ್ಷೆ ನಲ್ಲಿಯ ಹತ್ತಿರವೇ ನಿಂತು, ನೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಅದೇ ನೀರಿನಲ್ಲಿ ಟ್ಯೂಬ್ ತೊಳೆದು, ನೆರಳಿನಲ್ಲಿ ಮಾಡಬೇಕು. ಬಾಟಲಿಗೆ ತುಂಬಿ ಬೈಕಿನಲ್ಲಿ ಕಚೇರಿಗೆ ತರುವಷ್ಟರಲ್ಲಿ ಇದ್ದ ಕ್ಲೋರಿನ್ ಇಳಿದುಹೋಗಿರುತ್ತದೆ.

ನಾಲ್ಕು ಕಡೆಯ ನೀರು ಹಿಡಿಯಿರಿ

ಒಂದೇ ದಿನ, ಒಂದೇ ಸರಬರಾಜಿನ ಹೊತ್ತಿನಲ್ಲಿ, ಒಂದೇ ಕಿಟ್‌ನಿಂದ ನಾಲ್ಕು ಕಡೆ ಅಳೆಯಿರಿ: ಬೋರ್‌ವೆಲ್ ಪಂಪಿನ ಬಾಯಿ, ಟ್ಯಾಂಕಿನ ಹೊರಹರಿವು (ಅಲ್ಲಿ ನಲ್ಲಿ ಇಲ್ಲದಿದ್ದರೆ ಮೊದಲ ಮನೆ), ಊರ ನಡು, ಕೊನೇ ನಲ್ಲಿ.

ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕಿಲ್ಲವಾದ್ದರಿಂದ ಅಲ್ಲಿ ಸೊನ್ನೆ ಬರಬೇಕು. ಅಲ್ಲೇ ಹಳದಿ ಬಂದರೆ ಕಬ್ಬಿಣ, ಮ್ಯಾಂಗನೀಸ್ ಅಥವಾ ನೈಟ್ರೈಟ್ ಕಿಟ್‌ಗೆ ಮೋಸ ಮಾಡುತ್ತಿದೆ ಎಂದರ್ಥ. ಇಷ್ಟು ದಿನ ಟ್ಯಾಂಕಿನಲ್ಲಿ ಕಂಡ ‘ಕ್ಲೋರಿನ್’ ಕೂಡ ಅನುಮಾನವೇ. ಟ್ಯಾಂಕಿನ ಹೊರಹರಿವಿನಲ್ಲೇ ಸೊನ್ನೆಯಾದರೆ ಪೌಡರ್, ಹಾಕುವ ರೀತಿ, ನೀರಿನ ಗುಣ, ಈ ಮೂರರಲ್ಲಿ ಒಂದು ಕಾರಣ, ಪೈಪ್ ಅಗೆಯಬೇಡಿ. ಟ್ಯಾಂಕಿನಲ್ಲಿ 0.6 ಇದ್ದು ಕೊನೆಯಲ್ಲಿ ಸೊನ್ನೆಯಾದರೆ ಪೌಡರ್ ತಂಟೆಗೆ ಹೋಗಬೇಡಿ, ಲೈನ್ ನೋಡಿ. ಟ್ಯಾಂಕಿನಲ್ಲಿ ಒಂದು ದಿನ 2, ಮರುದಿನ 0.1 ಎಂದು ಕುಣಿಯುತ್ತಿದ್ದರೆ ಅದು ಅಳತೆಯ ದೋಷ ಅಥವಾ ಸರಿಯಾಗಿ ಬೆರೆಯದ ದೋಷ.

ಚೀಲದಲ್ಲೇ ಸತ್ತ ಪೌಡರ್

ಒಳ್ಳೆಯ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ ಸುಮಾರು 33 ಭಾಗ ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ. ಉಳಿದದ್ದು ಹೆಚ್ಚೂಕಡಿಮೆ ಸುಣ್ಣ. ಗಾಳಿಯ ತೇವ, ಶಾಖ, ಬೆಳಕು ಮೂರೂ ಸೇರಿ ಕ್ಲೋರಿನ್ ಅನ್ನು ದಿನದಿನಕ್ಕೆ ಇಳಿಸುತ್ತವೆ. ಸುಣ್ಣ ಮಾತ್ರ ಹಾಗೇ ಉಳಿಯುತ್ತದೆ. ತಗಡಿನ ಶೀಟಿನ ಪಂಪ್‌ಹೌಸಿನಲ್ಲಿ, ಬಾಯಿ ಬಿಚ್ಚಿದ ಚೀಲವನ್ನು ನೆಲದ ಮೇಲಿಟ್ಟು ಒಂದು ಬೇಸಿಗೆ ಕಳೆದರೆ ಉಳಿಯುವುದು ಬಿಳಿ ಪುಡಿ ಮಾತ್ರ. ವಾಸನೆ ನೋಡಿ ಪೌಡರ್ ಚೆನ್ನಾಗಿದೆ ಎನ್ನಬೇಡಿ. ಅರ್ಧ ಸತ್ತ ಪೌಡರ್ ಕೂಡ ಮೂಗಿಗೆ ಖಾರವಾಗಿಯೇ ಇರುತ್ತದೆ. ಗಂಟುಗಂಟಾಗಿ ಕೈಗೆ ಅಂಟಿದರೆ ಕೆಟ್ಟಿದೆ ಎನ್ನುವುದು ನಿಜ. ಆದರೆ ಉದುರುದುರಾಗಿದ್ದ ಮಾತ್ರಕ್ಕೆ ಒಳ್ಳೆಯದು ಎನ್ನಲಾಗದು.

ಲ್ಯಾಬ್‌ಗೆ ಕಳಿಸದೆ ಊರಲ್ಲೇ ಸತ್ವ ಅಳೆಯುವ ದಾರಿ ಇದೆ. ಬೇಕಾದದ್ದು ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಒ ನೀರು, ಪ್ಲಾಸ್ಟಿಕ್ ಬಕೆಟ್, ಸೂಜಿ ತೆಗೆದ ಸಿರಿಂಜು, ದಿನಸಿ ಅಂಗಡಿಯ ತಕ್ಕಡಿ. ಆರ್‌ಒ ನೀರು ಏಕೆಂದರೆ ಅದರಲ್ಲಿ ಕ್ಲೋರಿನ್ ತಿನ್ನುವ ಪದಾರ್ಥ ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಆ ನೀರನ್ನೇ ಕಿಟ್‌ನಲ್ಲಿ ನೋಡಿ, ಸೊನ್ನೆ ಇರಬೇಕು. ಚೀಲದ ಮೇಲ್ಪದರವಲ್ಲ, ಕೈ ಆಳಕ್ಕೆ ಬಿಟ್ಟು ನಡುವಿನಿಂದ ತೆಗೆದ ಪೌಡರ್ 30 ಗ್ರಾಂ ತೂಗಿ, ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ 10 ಲೀಟರ್ ಆರ್‌ಒ ನೀರಿಗೆ ಬೆರೆಸಿ. ಐದು ನಿಮಿಷ ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯಿಂದ ಸಿರಿಂಜಿನಲ್ಲಿ 1 ಮಿಲಿಲೀಟರ್ ಎಳೆದು 1 ಲೀಟರ್ ಆರ್‌ಒ ನೀರಿಗೆ ಬಿಟ್ಟು ಕಲಕಿ, ಕಿಟ್‌ನಲ್ಲಿ ಓದಿ. ಪೌಡರ್ 33 ಭಾಗದ್ದಾಗಿದ್ದರೆ 1.0 ಹತ್ತಿರ ಬರುತ್ತದೆ. ಬಂದ ಅಂಕಿಯನ್ನು 33ರಿಂದ ಗುಣಿಸಿದರೆ ನಿಮ್ಮ ಪೌಡರ್‌ನ ಸತ್ವ ಸಿಗುತ್ತದೆ: 0.6 ಬಂದರೆ ಸುಮಾರು 20 ಭಾಗ.

20ಕ್ಕಿಂತ ಕೆಳಗಿನ ಪೌಡರ್ ಅನ್ನು ಕುಡಿಯುವ ನೀರಿಗೆ ಎರಡರಷ್ಟು ಹಾಕಿ ಸರಿದೂಗಿಸಲು ಹೋಗಬೇಡಿ. ಕ್ಲೋರಿನ್ ಬರುವ ಮೊದಲು ಸುಣ್ಣ ಎರಡರಷ್ಟು ಬರುತ್ತದೆ, ಮೊದಲೇ ಗಡಸಾದ ನೀರು ಇನ್ನೂ ಕೆಡುತ್ತದೆ. ಅದನ್ನು ಚರಂಡಿ ಬದಿಗೆ, ಕಸದ ಗುಂಡಿಗೆ ಬಳಸಿ. ಹೊಸ ಚೀಲ ಬಂದ ದಿನವೇ ಸತ್ವ ಅಳೆದು ಚೀಲದ ಮೇಲೆ ತಾರೀಕಿನೊಂದಿಗೆ ಬರೆಯಿರಿ. ಬರುವಾಗಲೇ 25 ಇದ್ದರೆ ಸರಬರಾಜುದಾರರ ಜೊತೆ ಮಾತಾಡುವುದಕ್ಕೆ ಅದೇ ಹೊತ್ತು. ಮೂರು ತಿಂಗಳ ಮೇಲೆ ಕೇಳಿದರೆ ‘ನೀವು ಇಟ್ಟುಕೊಂಡ ರೀತಿ ಸರಿಯಿಲ್ಲ’ ಎನ್ನುತ್ತಾರೆ, ಅದನ್ನು ಸುಳ್ಳೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಇಡುವ ಜಾಗದ ಬಗ್ಗೆ: ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗಾಳಿಯಾಡುವ ನೆರಳಿನ ಕೋಣೆಯಲ್ಲಿರಲಿ. ಬಿಚ್ಚಿದ ಚೀಲದ ಪುಡಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ. ಅದೇ ಕೋಣೆಯಲ್ಲಿ ಯೂರಿಯಾ, ಕೀಟನಾಶಕ, ಡೀಸೆಲ್, ಸೀಮೆಎಣ್ಣೆ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಇರಕೂಡದು. ಎಣ್ಣೆ ತಾಗಿದರೆ ತಾನಾಗೇ ಬೆಂಕಿ ಹತ್ತಬಹುದು, ಆಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ, ಯೂರಿಯಾ ಬೆರೆತರೆ ಸ್ಫೋಟಕ ವಸ್ತುವೇ ಹುಟ್ಟಬಹುದು. ಗೊಬ್ಬರದ ಗೋದಾಮಿನ ಮೂಲೆಯಲ್ಲಿ ಬ್ಲೀಚಿಂಗ್ ಚೀಲ ಪೇರಿಸುವ ರೂಢಿ ಇದ್ದರೆ ಇಂದೇ ಬಿಡಿ.

ಹಿಡಿಯ ಲೆಕ್ಕ ಬಿಟ್ಟು ಗ್ರಾಂ ಲೆಕ್ಕ

ಬೇಕಾದ ಗ್ರಾಂ ತಿಳಿಯಲು ನೀರಿನ ಲೀಟರನ್ನು ಹಾಕಬೇಕಾದ ಕ್ಲೋರಿನ್ ಅಂಕಿಯಿಂದ (ನೀರು ತಿನ್ನುವುದೂ ಉಳಿಯಬೇಕಾದದ್ದೂ ಸೇರಿ) ಗುಣಿಸಿ, ಬಂದದ್ದನ್ನು ಪೌಡರ್‌ನ ಸತ್ವದ ಹತ್ತರಷ್ಟರಿಂದ ಭಾಗಿಸಿ. 50,000 ಲೀಟರಿಗೆ 1.5ರಂತೆ, 33 ಸತ್ವದ ಪೌಡರ್ ಆದರೆ 50,000 × 1.5 ÷ 330, ಅಂದರೆ 227 ಗ್ರಾಂ. ಅದೇ ಕೆಲಸಕ್ಕೆ 25 ಸತ್ವದ ಪೌಡರ್ 300 ಗ್ರಾಂ ಬೇಕು.

ತಪ್ಪುವುದು ಹೆಚ್ಚಾಗಿ ಲೀಟರಿನ ಅಂಕಿಯಲ್ಲಿ. ಟ್ಯಾಂಕಿನ ಮೇಲೆ ಬಣ್ಣದಲ್ಲಿ 50,000 ಎಂದು ಬರೆದಿದ್ದರೂ ಕರೆಂಟ್ ಹೋಗಿ ಅರ್ಧವೇ ತುಂಬಿದ್ದರೆ ಅದು 25,000 ಲೀಟರ್. ದುಂಡು ಟ್ಯಾಂಕಿಗೆ ಒಳವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಎತ್ತರದಿಂದ ಗುಣಿಸಿ, 785ರಿಂದ ಗುಣಿಸಿ, ಅಳತೆಗಳೆಲ್ಲ ಮೀಟರಿನಲ್ಲಿರಲಿ. ವ್ಯಾಸ 5 ಮೀಟರ್, ನೀರು 2.5 ಮೀಟರ್ ಇದ್ದರೆ 49,000 ಲೀಟರ್ ಚಿಲ್ಲರೆ. ಇನ್ನು ‘ಹಿಡಿ’ ಎನ್ನುವುದು ಕೈಯಿಂದ ಕೈಗೆ ಬೇರೆ. ಒಂದು ಪ್ಲಾಸ್ಟಿಕ್ ಲೋಟ ತೆಗೆದುಕೊಂಡು, ಪೌಡರ್ ತುಂಬಿ ಗೀಟು ಸಮ ಮಾಡಿ ಒಮ್ಮೆ ತೂಗಿ, ಲೋಟದ ಹೊರಗೆ ಮಾರ್ಕರ್‌ನಿಂದ ಗ್ರಾಂ ಬರೆದುಬಿಟ್ಟರೆ ನೀರುಗಂಟಿಗೆ ತಕ್ಕಡಿಯ ಹಂಗಿಲ್ಲ.

ಹಾಕುವ ರೀತಿ, ಹಾಕುವ ಹೊತ್ತು

ಏಣಿ ಹತ್ತಿ ಮುಚ್ಚಳ ತೆರೆದು ಒಣ ಪುಡಿಯನ್ನೇ ತುಂಬಿದ ಟ್ಯಾಂಕಿಗೆ ಸುರಿದರೆ ಎರಡು ಸಂಗತಿ ಆಗುತ್ತವೆ. ಪುಡಿ ಗಂಟುಕಟ್ಟಿ ತಳಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಹೊರಹರಿವಿನ ಪೈಪ್ ತಳದಲ್ಲೇ ಇರುವುದರಿಂದ ಮೊದಲ ಹತ್ತು ಮನೆಗೆ ಸುಣ್ಣದ ತಿಳಿಯಂಥ ಬಿಳಿ ನೀರು ಹೋಗುತ್ತದೆ, ನಂತರದ ನೀರಿಗೆ ಕ್ಲೋರಿನ್ ಇರುವುದೇ ಇಲ್ಲ. ‘ನೀರು ಬೆಳ್ಳಗೆ ಬಂತು, ಘಾಟು’ ಎಂಬ ದೂರೂ ‘ಕೊನೆಯಲ್ಲಿ ಸೊನ್ನೆ’ ಎಂಬ ದೂರೂ ಒಂದೇ ದಿನ ಬಂದರೆ ಬೇರೇನೂ ಹುಡುಕಬೇಡಿ, ಇದೇ ಕಾರಣ.

ಸರಿಯಾದ ಕ್ರಮದಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೌಡರ್‌ಗೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಗಂಟಿಲ್ಲದಂತೆ ಕಲಸಿ, ಬಕೆಟ್ ಮುಕ್ಕಾಲು ತುಂಬಿಸಿ, ಅರ್ಧ ಗಂಟೆ ತಿಳಿಯಾಗಲು ಬಿಡಿ. ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಗ್ಗಿಸಿ. ತಳದ ಗಸಿ ಟ್ಯಾಂಕಿಗೆ ಬೇಡ. ಕಬ್ಬಿಣದ ಬಕೆಟ್ ಬೇಡ, ಕ್ಲೋರಿನ್ ಅದನ್ನೇ ತಿನ್ನುತ್ತದೆ. ಗಾಳಿ ಬೀಸಿ ಬರುವ ಕಡೆಗೆ ಬೆನ್ನು ಹಾಕಿ ನಿಲ್ಲಿ. ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಸಿಡಿದರೆ 15 ನಿಮಿಷ ಬಿಡದೆ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಹೋಗಿ. ತಿಳಿಯನ್ನು ಟ್ಯಾಂಕ್ ಕಾಲು ಭಾಗ ತುಂಬಿದಾಗ, ಪಂಪಿನ ನೀರು ಧುಮುಕುವ ಜಾಗಕ್ಕೇ ಬಿಡಿ. ಬೀಳುವ ನೀರೇ ಕಲಕುತ್ತದೆ. ಟ್ಯಾಂಕ್ ತುಂಬಿದ ಮೇಲೆ ಅರ್ಧ ಗಂಟೆ ವಾಲ್ವ್ ತೆರೆಯಬಾರದು; ಕ್ಲೋರಿನ್‌ಗೆ ಕೆಲಸ ಮಾಡಲು ಅಷ್ಟಾದರೂ ಹೊತ್ತು ಬೇಕು.

ಈ ಅರ್ಧ ಗಂಟೆಯೇ ನಮ್ಮ ಊರುಗಳಲ್ಲಿ ಸಿಗದ ವಸ್ತು. ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್ ಓಡುತ್ತದೆ, ಒಂದು ಕಡೆ ತುಂಬುತ್ತಲೇ ಇನ್ನೊಂದು ಕಡೆ ವಾಲ್ವ್ ತೆರೆದಿರುತ್ತದೆ. ಹಾಕಿದ ಪೌಡರ್ ಮೊದಲ ಸರಬರಾಜಿನಲ್ಲೇ ಹೋಗಿ, ಆಮೇಲೆ ಬಂದ ನೀರು ಹಾಗೇ ಹರಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಬೈಪಾಸ್. ಬೋರ್‌ವೆಲ್‌ನಿಂದ ಟ್ಯಾಂಕಿಗೆ ಹೋಗುವ ಲೈನಿಗೆ ನಡುವೆ ಟೀ ಹಾಕಿ ಒಂದೆರಡು ಬೀದಿಗೆ ಅಥವಾ ಹೊಸ ಬಡಾವಣೆಗೆ ನೇರ ಸಂಪರ್ಕ ಕೊಟ್ಟಿರುತ್ತಾರೆ. ಆ ಬೀದಿಯ ನೀರು ಟ್ಯಾಂಕನ್ನು ಕಂಡೇ ಇರುವುದಿಲ್ಲ, ಅಲ್ಲಿ ಎಷ್ಟು ಪೌಡರ್ ಹಾಕಿದರೂ ಸೊನ್ನೆ. ಪತ್ತೆ ಸುಲಭ: ಟ್ಯಾಂಕಿನ ಹೊರಹರಿವಿನ ವಾಲ್ವ್ ಪೂರ್ತಿ ಮುಚ್ಚಿ ಪಂಪ್ ಓಡಿಸಿ. ಯಾವ ನಲ್ಲಿಯಲ್ಲಿ ನೀರು ಬರುತ್ತದೋ ಅದು ಬೈಪಾಸ್ ಮೇಲಿದೆ. ನಕ್ಷೆ ಇಲ್ಲದ ಊರಿನಲ್ಲೂ ಇದು ಗಂಟೆಯೊಳಗೆ ಮುಗಿಯುವ ಕೆಲಸ, ಮತ್ತು ಎಲ್ಲಕ್ಕಿಂತ ಮೊದಲು ಮಾಡಬಹುದಾದದ್ದು.

ನೀರೇ ಕ್ಲೋರಿನ್ ನುಂಗುತ್ತಿದ್ದರೆ

ಪೌಡರ್ ಸರಿಯಿದೆ, ಗ್ರಾಂ ಸರಿಯಿದೆ, ಅರ್ಧ ಗಂಟೆ ಬಿಟ್ಟಿದ್ದೀರಿ. ಆದರೂ ಟ್ಯಾಂಕಿನಲ್ಲೇ ಸೊನ್ನೆ. ಹಾಗಾದರೆ ನೀರಿನಲ್ಲಿ ಕ್ಲೋರಿನ್ ತಿನ್ನುವ ಏನೋ ಇದೆ. ಎಷ್ಟು ತಿನ್ನುತ್ತದೆಂದು ತಿಳಿಯಲು ಬಕೆಟ್ ಪರೀಕ್ಷೆ ಮಾಡಿ. 33 ಸತ್ವದ ಪೌಡರ್ 30 ಗ್ರಾಂ ಅನ್ನು 1 ಲೀಟರ್ ನೀರಿಗೆ ಹಾಕಿ ತಿಳಿ ಮಾಡಿದರೆ ಅದು ನೂರಕ್ಕೆ ಒಂದರ ದ್ರಾವಣ. ಸತ್ವ 20 ಇದ್ದರೆ 50 ಗ್ರಾಂ ಹಾಕಿ. ಬೋರ್‌ವೆಲ್ ಬಾಯಿಂದ ಹಿಡಿದ ನೀರನ್ನು ಆರು ಬಕೆಟ್‌ಗಳಲ್ಲಿ ತಲಾ 10 ಲೀಟರ್ ತುಂಬಿ, ಈ ತಿಳಿಯನ್ನು 1, 2, 3, 4, 5, 6 ಮಿಲಿಲೀಟರ್ ಎಂದು ಕ್ರಮವಾಗಿ ಬಿಡಿ. 1 ಮಿಲಿಲೀಟರ್ ಬಿದ್ದ ಬಕೆಟ್ಟಿಗೆ ಕೊಟ್ಟ ಕ್ಲೋರಿನ್ 1, ಆರು ಬಿದ್ದದ್ದಕ್ಕೆ 6. ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಪ್ರತಿಯೊಂದರ ಉಳಿಕೆ ಓದಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾರಾಕ್ಸ್ ಪೆಟ್ಟಿಗೆ ಇದ್ದರೆ ಅದೂ ಇದೇ ಪರೀಕ್ಷೆ. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ ಇರುತ್ತದೆ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಪೌಡರ್ ಕಲಸಿ ಗೆರೆಯವರೆಗೆ ನೀರು ತುಂಬಿ, ಆ ದ್ರಾವಣವನ್ನು ಪರೀಕ್ಷಿಸುವ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಕ್ರಮವಾಗಿ ಒಂದರಿಂದ ಆರು ಹನಿ ಬಿಟ್ಟು, ಅರ್ಧ ಗಂಟೆಯ ಮೇಲೆ ಪಿಷ್ಟ ಅಯೊಡೈಡ್ ಮೂರು ಹನಿ ಹಾಕಿ. ಮೊದಲು ನೀಲಿಯಾದದ್ದು ಮೂರನೇ ಬಟ್ಟಲಾದರೆ 455 ಲೀಟರಿಗೆ ಮೂರು ಚಮಚ, ಅಂದರೆ 6 ಗ್ರಾಂ. ಇದರ ಗುಣವೆಂದರೆ ಪೌಡರ್‌ನ ಸತ್ವವೂ ನೀರಿನ ಹಸಿವೂ ಒಂದೇ ಲೆಕ್ಕದಲ್ಲಿ ಸೇರಿಹೋಗುತ್ತವೆ. ದೋಷ ಹುಡುಕುವಾಗ ಅದೇ ಅವಗುಣ, ಯಾವುದು ಕಾರಣವೆಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಬಕೆಟ್ ಪರೀಕ್ಷೆಯೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಕೆಟ್‌ಗಳ ಅಂಕಿ 0, 0.4, 1.4, 2.4 ಎಂದು ಏರಿದರೆ ನೀರು 1.6 ತಿನ್ನುತ್ತಿದೆ, ಅಷ್ಟೇ. ಆ 1.6ಕ್ಕೆ 0.6 ಸೇರಿಸಿ 2.2 ಕೊಟ್ಟರೆ ಸಾಕು. ತಿನ್ನುವುದು ಹೆಚ್ಚಾಗಿ ಕಬ್ಬಿಣ: ಕರಗಿದ ಕಬ್ಬಿಣ 1 ಮಿಲಿಗ್ರಾಂ ಇದ್ದರೆ ಸುಮಾರು 0.63 ಮಿಲಿಗ್ರಾಂ ಕ್ಲೋರಿನ್ ಹೋಗುತ್ತದೆ. ಮ್ಯಾಂಗನೀಸ್ ಅದರ ಎರಡರಷ್ಟು, 1.3 ತಿನ್ನುತ್ತದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆಯ ನೆಲದಲ್ಲಿ ಇದು ಸಾಮಾನ್ಯ. ಹಿಡಿದಾಗ ತಿಳಿಯಾಗಿದ್ದ ನೀರು ಬ್ಲೀಚಿಂಗ್ ಹಾಕಿದ ಮೇಲೆ ಕೆಂಪಗೆ ತಿರುಗಿದರೆ ಕಬ್ಬಿಣ, ಕಪ್ಪು ಕಪ್ಪಾದರೆ ಮ್ಯಾಂಗನೀಸ್. ಜನ ‘ಪೌಡರ್‌ನಿಂದ ನೀರು ಕೆಟ್ಟಿತು’ ಎನ್ನುತ್ತಾರೆ, ಮೊದಲೇ ಇದ್ದದ್ದು ಈಗ ಕಣ್ಣಿಗೆ ಕಾಣುತ್ತಿದೆ. ಕಬ್ಬಿಣಕ್ಕೆ ಕ್ಲೋರಿನ್ ಸುರಿಯುವ ಬದಲು ನೀರು ತೂತುಗಳ ತಟ್ಟೆಯ ಮೂಲಕ ಮಳೆಯಂತೆ ಬೀಳುವಂತೆ ಮಾಡಿ ಗಾಳಿಯಾಡಿಸಿ, ತಂಗಿಸಿ, ಮರಳಿನಲ್ಲಿ ಸೋಸಿ ಆಮೇಲೆ ಕ್ಲೋರಿನ್ ಕೊಡಿ.

ಕೊಳೆತ ಮೊಟ್ಟೆ ವಾಸನೆಯ ಬೋರ್‌ವೆಲ್ ಆದರೆ ಹೈಡ್ರೋಜನ್ ಸಲ್ಫೈಡ್. ಅದಕ್ಕೂ ಗಾಳಿಯೇ ಮದ್ದು.

ತಲೆ ತಿನ್ನುವುದು ಅಮೋನಿಯಾ. ಹಳದಿ ಕಿಟ್‌ನಲ್ಲಿ ಹತ್ತು ನಿಮಿಷ ಬಿಟ್ಟು ಓದುತ್ತಾ ಹೋದರೆ, ಬಕೆಟ್‌ಗಳ ಅಂಕಿ ಎರಡು ಮೂರರವರೆಗೆ ಏರಿ, ನಾಲ್ಕು ಐದರಲ್ಲಿ ಇಳಿದು, ಆರರಲ್ಲಿ ಮತ್ತೆ ಏರುತ್ತದೆ. ಹೆಚ್ಚು ಹಾಕಿದರೆ ಕಡಿಮೆ ತೋರಿಸುವ ಈ ವಿಚಿತ್ರ ನೋಡಿ ಕಿಟ್ ಎಸೆಯಬೇಡಿ. ಮೊದಲು ಕ್ಲೋರಿನ್ ಅಮೋನಿಯಾದೊಂದಿಗೆ ಕೂಡಿ ಕ್ಲೋರಮಿನ್ ಆಗುತ್ತದೆ, ಅದೇ ಹಳದಿ ಕೊಡುವುದು. ಇನ್ನಷ್ಟು ಕ್ಲೋರಿನ್ ಬಂದಾಗ ಕ್ಲೋರಮಿನ್ ಒಡೆಯುತ್ತದೆ, ಅಂಕಿ ಬೀಳುತ್ತದೆ. ಎಲ್ಲವೂ ಒಡೆದ ಮೇಲಷ್ಟೇ ಮುಕ್ತ ಕ್ಲೋರಿನ್ ಉಳಿಯಲು ಶುರು. ಅಮೋನಿಯಾದಲ್ಲಿರುವ ನೈಟ್ರೋಜನ್‌ನ ತೂಕದ ಎಂಟರಿಂದ ಹತ್ತರಷ್ಟು ಕ್ಲೋರಿನ್ ಇದಕ್ಕೇ ಬೇಕು, 0.5 ಇದ್ದರೆ ನಾಲ್ಕರಿಂದ ಐದು. ಹತ್ತು ಸೆಕೆಂಡಿನ ಓದು ಸೊನ್ನೆ, ಹತ್ತು ನಿಮಿಷದ ಓದು 1 ಎಂದು ಬಂದರೂ ಇದೇ ಲಕ್ಷಣ. ಆಸ್ಪತ್ರೆಯ ಔಷಧಿಯಂಥ, ಕಣ್ಣು ಚುರುಗುಡಿಸುವ ವಾಸನೆ ಹುಟ್ಟುವುದು ಕೂಡ ಈ ಕೂಡಿಕೊಂಡ ಕ್ಲೋರಿನ್‌ನಿಂದ. ಜನ ಜಾಸ್ತಿ ಹಾಕಿದ್ದೀರಿ ಎಂದು ಬೈಯುವಾಗ ಕ್ಲೋರಿನ್ ಸಾಲದೇ ಇರುವ ಸಾಧ್ಯತೆಯೂ ಇದೆ.

ಆದರೆ ಬೋರ್‌ವೆಲ್ ನೀರಿನಲ್ಲಿ ಇದ್ದಕ್ಕಿದ್ದಂತೆ ಅಮೋನಿಯಾ ಬಂದರೆ ಅದು ಪೌಡರ್ ಹೆಚ್ಚಿಸಿ ಮುಚ್ಚಿಹಾಕುವ ಸಂಗತಿಯಲ್ಲ. ಶೌಚಗುಂಡಿ, ತಿಪ್ಪೆ, ಚರಂಡಿಯ ನೀರು ಕೇಸಿಂಗ್ ಪಕ್ಕದಿಂದ ಇಳಿಯುತ್ತಿರಬಹುದು. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಇದೆಯೇ, ಮಳೆನೀರು ನಿಲ್ಲುತ್ತಿದೆಯೇ, ಕೇಸಿಂಗ್ ಬಾಯಿ ಮುಚ್ಚಿದೆಯೇ ನೋಡಿ, ಜಿಲ್ಲಾ ಲ್ಯಾಬ್‌ಗೆ ಅಮೋನಿಯಾ, ನೈಟ್ರೇಟ್, ಬ್ಯಾಕ್ಟೀರಿಯಾ ಮೂರಕ್ಕೂ ನೀರು ಕಳಿಸಿ.

ಟ್ಯಾಂಕಿನಲ್ಲಿದೆ, ಕೊನೆಯಲ್ಲಿಲ್ಲ

ಸ್ವಲ್ಪ ಇಳಿತ ಸಹಜ. ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಬೇಗ. 0.6 ಇದ್ದದ್ದು 0.3 ಆದರೆ ಚಿಂತೆಯಿಲ್ಲ. ಎರಡು ನಲ್ಲಿಗಳ ನಡುವೆ ದಿಢೀರನೆ ಸೊನ್ನೆಗೆ ಬಿದ್ದರೆ ಅಲ್ಲಿ ಹೊರಗಿನ ನೀರು ಒಳಗೆ ಬರುತ್ತಿದೆ ಎಂದೇ ಇಟ್ಟುಕೊಂಡು ನಡೆಯಿರಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಗೊತ್ತಿದ್ದವರು ಈ ಸೊನ್ನೆಯನ್ನು ನಾಳೆಗೆ ಬಿಡುವುದಿಲ್ಲ. ಆ ಬೀದಿಯ ವಾಲ್ವ್ ಮುಚ್ಚಿ, ಕುದಿಸಿ ಆರಿಸಿದ ನೀರನ್ನೇ ಕುಡಿಯುವಂತೆ ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಆಮೇಲೆ ಹುಡುಕಿ.

ಹುಡುಕುವಾಗ ಲೈನನ್ನು ಅರ್ಧರ್ಧ ಮಾಡುತ್ತಾ ಹೋಗಿ. ನಡುವಿನ ನಲ್ಲಿಯಲ್ಲಿ ಕ್ಲೋರಿನ್ ಇದ್ದರೆ ದೋಷ ಅದರಾಚೆ, ಇಲ್ಲದಿದ್ದರೆ ಈಚೆ. ಮೂರು ನಾಲ್ಕು ಅಳತೆಗೆ ಒಂದು ಬೀದಿಗೆ ಬಂದು ನಿಲ್ಲುತ್ತೀರಿ. ನೀರು ಬಿಟ್ಟ ಕೂಡಲೇ ಒಮ್ಮೆ, ಅರ್ಧ ಗಂಟೆಯ ಮೇಲೆ ಒಮ್ಮೆ ಅಳೆಯುವುದೂ ದೊಡ್ಡ ಸುಳಿವು. ಮೊದಲು ಸೊನ್ನೆ, ಆಮೇಲೆ ಸರಿ ಎಂದಾದರೆ, ನೀರು ನಿಂತಾಗ ಖಾಲಿ ಪೈಪ್ ಹೊರಗಿನ ಕೊಳೆಯನ್ನು ಹೀರಿಕೊಂಡಿದೆ. ಯಾವಾಗಲೂ ಸೊನ್ನೆ ಎಂದಾದರೆ ಕುರುಡು ತುದಿಯಲ್ಲಿ (ಪೈಪ್ ಮುಂದೆ ಹೋಗದೆ ಮುಗಿಯುವ ಕಡೆ) ನಿಂತ ಹಳೇ ನೀರು ಅಥವಾ ಒಳಗೆ ಕಟ್ಟಿದ ಪಾಚಿಯಂಥ ಪದರ. ವಾಷ್‌ಔಟ್ ವಾಲ್ವ್ (ಲೈನಿನ ನೀರನ್ನು ಹೊರಗೆ ಹರಿಸುವ ವಾಲ್ವ್) ತೆರೆದು ನೀರು ತಿಳಿಯಾಗಿ ಕ್ಲೋರಿನ್ ಕಾಣುವ ತನಕ ಹರಿಸಿ.

ಕಣ್ಣಿಡಬೇಕಾದ ಜಾಗಗಳು ಊರಿನವರಿಗೆ ಗೊತ್ತಿರುವವೇ: ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪ್, ನೀರು ತುಂಬಿದ ವಾಲ್ವ್ ಗುಂಡಿ, ಒತ್ತಡ ಸಾಲದೆ ನೆಲ ಅಗೆದು ಮಾಡಿಕೊಂಡ ನಲ್ಲಿ ಗುಂಡಿ, ಸೈಕಲ್ ಟ್ಯೂಬ್ ಸುತ್ತಿದ ಜಾಯಿಂಟ್. ಲೈನಿಗೇ ನೇರವಾಗಿ ಮೋಟಾರ್ ಹಾಕಿದ ಮನೆ ಇದ್ದರೆ ಅದು ಪಕ್ಕದ ಸೀಳಿನಿಂದ ಚರಂಡಿ ನೀರನ್ನೂ ಎಳೆಯುತ್ತದೆ. ದೂರು ಕೊಟ್ಟವರ ಮನೆಯಲ್ಲೇ ಆ ಮೋಟಾರ್ ಇರುವುದೂ ಉಂಟು.

ರೀಡಿಂಗ್ ಸರಿ, ಲ್ಯಾಬ್ ವರದಿ ಕೆಟ್ಟದ್ದು

ಉಳಿಕೆ 0.4 ಇದ್ದರೂ ಬ್ಯಾಕ್ಟೀರಿಯಾ ಬಂದರೆ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಂಕಿ) ನೋಡಿ. ಸೋಂಕು ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಪಿಎಚ್ 7ರಲ್ಲಿ ಮುಕ್ತ ಕ್ಲೋರಿನ್‌ನ ಮುಕ್ಕಾಲು ಭಾಗ ಆ ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8.5ರಲ್ಲಿ ಹತ್ತರಲ್ಲೊಂದು ಮಾತ್ರ. ಕಿಟ್ ಈ ಆಮ್ಲವನ್ನೂ ಉಳಿದ ದುರ್ಬಲ ರೂಪವನ್ನೂ ಸೇರಿಸಿ ತೋರಿಸುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು 8 ದಾಟಿದ್ದರೆ ಅರ್ಧ ಗಂಟೆಯ ಬದಲು ಒಂದು ಗಂಟೆಯಾದರೂ ಬಿಡಿ, ಟ್ಯಾಂಕಿನಲ್ಲಿ ಉಳಿಕೆ 1ರ ಹತ್ತಿರ ಇರಲಿ. ಹೊಳೆ ಅಥವಾ ಕೆರೆಯ ನೀರಾದರೆ ಮಳೆಗಾಲದ ಬಗ್ಗಡವೇ ಕಾರಣ. ಮಣ್ಣಿನ ಕಣದೊಳಗೆ ಅಡಗಿದ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಾಗುವುದಿಲ್ಲ. ಪಟಿಕ ಹಾಕಿ ತಂಗಿಸಿ ಸೋಸದೆ ಕ್ಲೋರಿನ್ ಕೊಡುವುದು ವ್ಯರ್ಥ.

ಹನಿ ಹಾಕುವ ಉಪಕರಣ ನಿಂತರೆ

ತುಂಬುತ್ತಲೇ ಬಿಡಬೇಕಾದ ಊರಿಗೆ ಟ್ಯಾಂಕಿನ ಮೇಲೊಂದು ಪ್ಲಾಸ್ಟಿಕ್ ಕ್ಯಾನ್ ಇಟ್ಟು ಹನಿ ಹನಿಯಾಗಿ ಬಿಡುವುದೇ ದಾರಿ. ಪಂಪ್ ಗಂಟೆಗೆ 10,000 ಲೀಟರ್ ತಂದರೆ, 1.5ರಂತೆ ನೂರಕ್ಕೆ ಒಂದರ ತಿಳಿ ನಿಮಿಷಕ್ಕೆ 25 ಮಿಲಿಲೀಟರ್ ಬೀಳಬೇಕು. ಲೋಟದಲ್ಲಿ ಒಂದು ನಿಮಿಷ ಹಿಡಿದು ಸಿರಿಂಜಿನಿಂದ ಅಳೆಯಿರಿ, ಕ್ಯಾನ್ ತುಂಬಿದ್ದಾಗ ಒಮ್ಮೆ, ಕಾಲು ಭಾಗಕ್ಕೆ ಇಳಿದಾಗ ಒಮ್ಮೆ. ಮಟ್ಟ ಇಳಿದಂತೆ ಹನಿ ನಿಧಾನವಾಗುತ್ತದೆ. ಬೆಳಿಗ್ಗೆ 1, ಸಂಜೆ 0.2 ಎಂಬ ದೋಷ ಇಲ್ಲಿಂದ. ಹನಿ ಪೂರ್ತಿ ನಿಂತರೆ ತುದಿಯಲ್ಲಿ ಬಿಳಿ ಗಟ್ಟಿ ಹೊಪ್ಪಳೆ ಇರುತ್ತದೆ, ಸುಣ್ಣ ಗಾಳಿಗೆ ಗಟ್ಟಿಯಾದದ್ದು. ಬಿಡಿಸಿ ವಿನೆಗರ್‌ನಲ್ಲಿ ನೆನೆಹಾಕಿದರೆ ಕರಗುತ್ತದೆ. ಆದರೆ ಅದಕ್ಕೆ ಮೊದಲು ಕೊಳವೆಯನ್ನೂ ತುದಿಯನ್ನೂ ನೀರಿನಲ್ಲಿ ಚೆನ್ನಾಗಿ ತೊಳೆದು ಕ್ಲೋರಿನ್ ವಾಸನೆ ಹೋಗಿರಬೇಕು, ಬಯಲಿನಲ್ಲಿ ಮಾಡಬೇಕು. ಕ್ಯಾನಿನೊಳಗೇ ಆಸಿಡ್ ಸುರಿದರೆ ಕ್ಲೋರಿನ್ ಗಾಳಿ ಎದ್ದು ಉಸಿರುಗಟ್ಟಿಸುತ್ತದೆ.

ದೋಷ ಯಾವುದೇ ಇದ್ದಿರಲಿ, ಸರಿಪಡಿಸಿದ ಮೇಲೆ ಟ್ಯಾಂಕ್ ಒಮ್ಮೆ ತೊಳೆಯಿರಿ. ತಳದ ಕೆಸರು ಸ್ವತಃ ಕ್ಲೋರಿನ್ ತಿನ್ನುತ್ತದೆ. ಖಾಲಿ ಮಾಡಿ, ಕೆಸರು ಎತ್ತಿ, ಗೋಡೆ ಉಜ್ಜಿ. ಒಳಗಿಳಿಯುವವರು ಒಬ್ಬರೇ ಇರಬಾರದು, ಮೇಲೆ ಒಬ್ಬರು ನಿಂತಿರಲಿ. ಗೋಡೆಗೆ ಕ್ಲೋರಿನ್ ನೀರು ಹಚ್ಚುವಾಗ ಒಳಗೆ ಹೆಚ್ಚು ಹೊತ್ತು ಇರಬೇಡಿ. ಲೀಟರಿಗೆ 6 ಗ್ರಾಂ ಪೌಡರ್‌ನ ತಿಳಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದು ಹರಿಸಿ. ಒಡೆದ ಪೈಪ್ ಕೂಡಿಸಿದ್ದರೆ ಅದನ್ನೂ ಶುದ್ಧಮಾಡಬೇಕು: 10,000 ಲೀಟರ್ ನೀರಿಗೆ 1.5 ಕೆ.ಜಿ. ಪೌಡರ್‌ನ ತಿಳಿ ಬೆರೆಸಿ ಲೈನ್ ತುಂಬಿಸಿ, ಯಾರೂ ಹಿಡಿಯದಂತೆ ಮುಂಚೆಯೇ ಮನೆಮನೆಗೆ ಹೇಳಿ, ಒಂದು ದಿನ ನಿಲ್ಲಿಸಿ. ಆ ನೀರನ್ನು ಕೆರೆಗೆ ಬಿಡಬೇಡಿ, ಮೀನು ಸಾಯುತ್ತವೆ, ಬಯಲಿಗೆ ಹರಿಸಿ. ಕೊನೇ ನಲ್ಲಿಯಲ್ಲಿ ಉಳಿಕೆ 1ಕ್ಕಿಂತ ಕೆಳಗೆ ಇಳಿದದ್ದನ್ನು ಕಿಟ್‌ನಲ್ಲಿ ನೋಡಿ, ನಾಲ್ಕೂ ಕಡೆಯ ಅಂಕಿಯನ್ನು ಹೊತ್ತಿನೊಂದಿಗೆ ರಿಜಿಸ್ಟರಿನಲ್ಲಿ ಬರೆದು, ಆಮೇಲೆ ವಾಲ್ವ್ ತೆರೆಯಿರಿ.